ದಯೆಯ ಭಾರ ಯಾರ ಹೆಗಲಿಗೆ?

ಅಹಿಂಸಾಣುವ್ರತವನ್ನು ಕೈಕೊಂಡ ಶ್ರಾವಕನು ಪರಿಹರಿಸಬೇಕಾದ ಐದು ಅತಿಚಾರಗಳನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರಿಸಿದ್ದಾರೆ. ಛೇದನ, ಬಂಧನ, ಪೀಡನ, ಅತಿಭಾರಾರೋಪಣ, ಆಹಾರವಾರಣ ಎಂಬ ಇವುಗಳಲ್ಲಿ ಮೊದಲ ಮೂರರ ಕ್ರೌರ್ಯವು ಯಾರ ಕಣ್ಣಿಗಾದರೂ ಕಾಣುತ್ತದೆ. ನಾಲ್ಕನೆಯದು ಹಾಗಲ್ಲ. ಎತ್ತಿನ ಮೇಲೆ ಅದು ಹೊರಲಾರದಷ್ಟು ಮೂಟೆಗಳನ್ನು ಹೇರುವವನು ಅದನ್ನು ಕೊಲ್ಲುವುದಿಲ್ಲ, ಹೊಡೆಯದೆಯೂ ಇರಬಹುದು. ಅವನ ಮನಸ್ಸಿನಲ್ಲಿ ದ್ವೇಷವಿಲ್ಲ. ಇರುವುದು ಅವಸರ ಮತ್ತು ಲೋಭ. ಆದರೂ ಆಚಾರ್ಯರು ಆ ಹೇರಿಕೆಯನ್ನು ವ್ರತಕ್ಕೆ ತಗಲುವ ಕಲೆಯೆಂದೇ ಎಣಿಸಿದರು. ಪ್ರಾಣವನ್ನು ತೆಗೆಯದೆಯೂ ಹಿಂಸೆಯಾಗುತ್ತದೆ, ಪರರ ಹೆಗಲಿಗೆ ಭಾರವನ್ನು ದಾಟಿಸುವುದರಿಂದಲೂ ಆಗುತ್ತದೆ ಎಂಬುದು ಈ ಎಣಿಕೆಯ ಮರ್ಮ.

ಈ ಮರ್ಮವನ್ನು ನೆನಪಿನಲ್ಲಿಟ್ಟುಕೊಂಡು ಒಂದು ಹಳೆಯ ಪ್ರಶ್ನೆಯನ್ನು ಪರಿಶೀಲಿಸಬಹುದು. ದಯೆಯನ್ನು ರಾಜಾಜ್ಞೆಯಿಂದ ಲೋಕದಲ್ಲಿ ನೆಲೆಗೊಳಿಸಲು ಸಾಧ್ಯವೇ? ಅಧಿಕಾರವು ಅಹಿಂಸೆಯ ಪಕ್ಷವನ್ನು ವಹಿಸಿದರೆ ಅಹಿಂಸೆಗೆ ಜಯವಾಗುವುದೇ? ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ, ಒಂದರ ಹೆಸರನ್ನು ಮತ್ತೊಂದು ಕೇಳಿರದ ಎರಡು ರಾಜ್ಯಗಳಲ್ಲಿ, ಒಂದೆರಡು ವರ್ಷಗಳ ಅಂತರದಲ್ಲಿ ನಡೆದ ಘಟನೆಗಳು ಈ ಪ್ರಶ್ನೆಗೆ ಬೆಳಕು ಬೀರುತ್ತವೆ. ಒಂದು ದೂರದ ಜಪಾನ್ ದೇಶ. ಇನ್ನೊಂದು, ಗುಂಡ್ಲುಪೇಟೆ ಚಾಮರಾಜನಗರಗಳನ್ನು ಒಳಗೊಂಡಿದ್ದ ಮೈಸೂರು ಸಂಸ್ಥಾನ.

ಜಪಾನಿನಲ್ಲಿ ಆಗ ಚಕ್ರವರ್ತಿಯಿದ್ದರೂ ಆಳುತ್ತಿದ್ದವನು ಸಾಮುರಾಯಿ ಯೋಧರ ಒಡೆಯನಾದ ಶೋಗನ್. 1615ರಲ್ಲಿ ಒಸಾಕಾ ಕೋಟೆಯನ್ನು ಗೆದ್ದ ಮೇಲೆ ತೊಕುಗಾವಾ ಮನೆತನಕ್ಕೆ ಸರಿಸಾಟಿಯಾದ ವೈರಿಗಳು ಉಳಿದಿರಲಿಲ್ಲ. ಯುದ್ಧಗಳು ನಿಂತವು, ಆದರೆ ಸೊಂಟದ ಕತ್ತಿ ಇಳಿಯಲಿಲ್ಲ, ಕತ್ತಿಯ ಹೆಮ್ಮೆಯೂ ಇಳಿಯಲಿಲ್ಲ. ಇಂತಹ ಯೋಧಸಮಾಜಕ್ಕೆ 1680ರಲ್ಲಿ ಐದನೆಯ ಶೋಗನ್ ಆಗಿ ಬಂದವನು ತೊಕುಗಾವಾ ತ್ಸುನಯೋಶಿ. ಈತನು ಆಯುಧಕ್ಕಿಂತ ಗ್ರಂಥವನ್ನು ಹೆಚ್ಚು ಪ್ರೀತಿಸಿದವನು. ಕನ್‌ಫ್ಯೂಷಿಯಸನ ನೀತಿಯಲ್ಲಿ ಪರಿಶ್ರಮವುಳ್ಳವನು, ಬೌದ್ಧಧರ್ಮದಲ್ಲಿ ಶ್ರದ್ಧೆಯುಳ್ಳವನು. 1680ರ ದಶಕದ ನಡುವಿನಿಂದ ಈತನು ಹೊರಡಿಸತೊಡಗಿದ ಆಜ್ಞೆಗಳು 'ಜೀವಿಗಳಲ್ಲಿ ಕರುಣೆ' ಎಂಬ ಹೆಸರಿನಿಂದ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಅವುಗಳಲ್ಲಿ 1687ನೆಯ ವರ್ಷವು ಮುಖ್ಯವಾದುದು.

ಆ ವರ್ಷದ ಆಜ್ಞೆಗಳನ್ನು ಓದಿದ ಯಾವ ಜೈನನಿಗಾದರೂ ಮನಸ್ಸು ಅರಳದೆ ಇರದು. ರೋಗ ಹಿಡಿದ ಎತ್ತು ಕುದುರೆಗಳನ್ನು ಪ್ರಾಣವಿರುವಾಗಲೇ ಬಯಲಿಗೆ ತಳ್ಳಬಾರದು. ಆಹಾರಕ್ಕಾಗಿ ಜೀವಂತ ಪ್ರಾಣಿಗಳನ್ನು ಮಾರಬಾರದು. ಬೀದಿಯಲ್ಲಿ ಬಿಟ್ಟುಹೋದ ಹಸುಗೂಸು ಸಿಕ್ಕಿದರೆ ಆ ಸ್ಥಳದವರೇ ಅದನ್ನು ಸಂರಕ್ಷಿಸಬೇಕು. ನಾಯಿಗಳನ್ನು ಹಿಂಸಿಸಬಾರದು, ಅವುಗಳ ಲೆಕ್ಕವನ್ನು ಬರೆದಿಡಬೇಕು. ಮುಂದೆ ಗಿಡುಗದಿಂದ ಬೇಟೆಯಾಡುವ ಶೋಗನ್ ಮನೆತನದ ಸಂಪ್ರದಾಯವನ್ನೂ ಆತನು ನಿಲ್ಲಿಸಿದನು. ಕೊಲ್ಲುವುದನ್ನೇ ಪೌರುಷವೆಂದು ತಿಳಿದಿದ್ದ ವರ್ಗಕ್ಕೆ, ಕೊಲ್ಲದಿರುವುದು ಮೇಲಾದುದೆಂದು ಹೇಳಿದ ದೊರೆ ಈತ.

ಆದರೆ ಆಜ್ಞೆಯ ಹಿಂದೆ ದಂಡವೂ ಬಂದಿತು. ಪ್ರಾಣಿಗಳಿಗೆ ತೊಂದರೆ ಕೊಟ್ಟವರು ಸೆರೆಮನೆಗೆ ಹೋದರು, ಕೆಲವರು ಗಡೀಪಾರಾದರು, ಕೆಲವರು ಪ್ರಾಣವನ್ನೇ ತೆತ್ತರು. ಜೀವದಯೆಯ ಹೆಸರಿನಲ್ಲಿ ಮನುಷ್ಯಜೀವವು ಬಲಿಯಾಯಿತು. ರಾಜಧಾನಿಯಾದ ಎದೋ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ಬೀದಿನಾಯಿಗಳು ಹೆಚ್ಚಿದಾಗ 1695ರಲ್ಲಿ ನಕನೋ ಎಂಬಲ್ಲಿ ವಿಶಾಲವಾದ ಶ್ವಾನಾಲಯಗಳನ್ನು ಕಟ್ಟಲಾಯಿತು. ಹತ್ತಾರು ಸಾವಿರ ನಾಯಿಗಳಿಗೆ ಅಲ್ಲಿ ಅನ್ನ ದೊರೆಯಿತು. ಅದರ ವೆಚ್ಚ ತೆರಿಗೆಯಾಗಿ ನಗರವಾಸಿಗಳ ಮೇಲೆ ಬಿದ್ದಿತು. ಆ ಅನ್ನದೊಡನೆ ಒಣಮೀನನ್ನೂ ಕೊಡುತ್ತಿದ್ದರು. ಒಂದು ಜೀವಿಯನ್ನು ಸಾಕಲು ಮತ್ತೊಂದು ಜೀವರಾಶಿಯನ್ನು ಬಲೆಗೆ ಹಾಕಬೇಕಾದ ಈ ವಿಪರ್ಯಾಸವು ಆಜ್ಞೆಗಳನ್ನು ಬರೆದವರ ಗಮನಕ್ಕೆ ಬಂದಂತೆ ತೋರುವುದಿಲ್ಲ.

1690ರಿಂದ 1692ರವರೆಗೆ ಜಪಾನಿನಲ್ಲಿದ್ದ ಎಂಗಲ್ಬರ್ಟ್ ಕೆಂಪ್‌ಫರ್ ಎಂಬ ಜರ್ಮನ್ ವೈದ್ಯನು ಈ ಶೋಗನನನ್ನು ಕಂಡು ಬಂದವನು, ಆತನನ್ನು ಮೆಚ್ಚಿ ಬರೆದವನು. ಅವನು ಒಂದು ವಿನೋದವನ್ನೂ ದಾಖಲಿಸಿದ್ದಾನೆ. ಸತ್ತ ನಾಯಿಯನ್ನು ಹೂಳಲು ಹೊತ್ತುಕೊಂಡು ಬೆಟ್ಟವೇರುತ್ತಿದ್ದ ಒಬ್ಬನು, ಶೋಗನನು ಹುಟ್ಟಿದ ನಾಯಿವರ್ಷವನ್ನು ಶಪಿಸಿದನಂತೆ. ಜೊತೆಗಾರನು ಅವನನ್ನು ಸುಮ್ಮನಾಗಿಸಿ, ದೊರೆಯು ಕುದುರೆವರ್ಷದಲ್ಲಿ ಹುಟ್ಟಲಿಲ್ಲವಲ್ಲ ಎಂದು ದೇವರಿಗೆ ಕೈಮುಗಿ, ಹುಟ್ಟಿದ್ದರೆ ಈ ಹೊರೆ ಇನ್ನೆಷ್ಟು ಭಾರವಾಗುತ್ತಿತ್ತು ಎಂದನಂತೆ. ನಗೆಯ ಒಳಗೆ ನ್ಯಾಯದ ಪ್ರಶ್ನೆಯೊಂದು ಅಡಗಿದೆ. ಕರುಣೆಯು ಅರಮನೆಯದು, ಹೊರೆಯು ಬೆಟ್ಟವೇರುವವನದು. 1709ರಲ್ಲಿ ತ್ಸುನಯೋಶಿ ತೀರಿಕೊಂಡನು. ಉತ್ತರಾಧಿಕಾರಿಯು ಈ ಆಜ್ಞೆಗಳಲ್ಲಿ ಹೆಚ್ಚಿನವುಗಳನ್ನು ತಡಮಾಡದೆ ರದ್ದುಪಡಿಸಿದನು. ಎರಡು ದಶಕಗಳಿಗೂ ಹೆಚ್ಚು ಕಾಲ ಆಚರಣೆಯಲ್ಲಿದ್ದ ಕರುಣೆಯು, ಆಜ್ಞಾಪಿಸಿದವನ ಉಸಿರಿನೊಡನೆ ನಿಂತುಹೋಯಿತು. ಉಳಿದದ್ದು ಬಿಟ್ಟುಹೋದ ಶಿಶುಗಳ ರಕ್ಷಣೆಯಂತಹ ಕೆಲವು ವಿಧಿಗಳು ಮಾತ್ರ. ಅವುಗಳ ನ್ಯಾಯವನ್ನು ಜನರ ಮನಸ್ಸು ತಾನಾಗಿ ಒಪ್ಪಿತ್ತು.

ಇದನ್ನು ಪರದೇಶದ ವಿಚಿತ್ರವೆಂದು ಬದಿಗಿಡುವುದು ಸುಲಭ. ಆದರೆ ಜೈನರ ಇತಿಹಾಸದಲ್ಲಿಯೂ ಇದರ ಛಾಯೆಯಿದೆ. ಹನ್ನೆರಡನೆಯ ಶತಮಾನದಲ್ಲಿ ಗುಜರಾತನ್ನಾಳಿದ ಕುಮಾರಪಾಲನು ಹೇಮಚಂದ್ರಾಚಾರ್ಯರ ಉಪದೇಶದಿಂದ ಅಮಾರಿ ಘೋಷಣೆಯನ್ನು ಮಾಡಿಸಿದನೆಂಬುದು ಜಿನಧರ್ಮದ ಹೆಮ್ಮೆಯ ಪ್ರಕರಣ. ಅದರ ಜೊತೆಗೇ ಪ್ರಬಂಧ ಗ್ರಂಥಗಳು ಇನ್ನೊಂದು ಕಥೆಯನ್ನೂ ಹೇಳುತ್ತವೆ: ಹೇನನ್ನು ಕೊಂದ ವರ್ತಕನೊಬ್ಬನ ಸರ್ವಸ್ವವನ್ನೂ ರಾಜನು ಮುಟ್ಟುಗೋಲು ಹಾಕಿಕೊಂಡು, ಆ ಹಣದಿಂದ ಯೂಕಾವಿಹಾರವೆಂಬ ಜಿನಾಲಯವನ್ನು ಕಟ್ಟಿಸಿದನಂತೆ. ಕಥೆಯನ್ನು ಬರೆದವರು ಅದನ್ನು ದಯೆಯ ಪರಾಕಾಷ್ಠೆಯೆಂದು ಬರೆದರು. ಆ ವರ್ತಕನ ಹೆಂಡತಿ ಮಕ್ಕಳು ಮುಂದೆ ಹೇಗೆ ಬದುಕಿದರೆಂದು ಕೇಳುವ ಓದುಗನಿಗೆ ಅದು ಬೇರೆಯಾಗಿ ಕಾಣುತ್ತದೆ.

ಈಗ ಗುಂಡ್ಲುಪೇಟೆಯ ನಾಡಿಗೆ ಬರಬಹುದು. ಗುಂಡ್ಲುಪೇಟೆಯಿಂದ ಊಟಿಯ ಕಡೆಗೆ ಹೋಗುವ ದಾರಿಯಲ್ಲಿ ಹಂಗಳವೆಂಬ ಊರಿದೆ. ಮೈಸೂರಿನ ಸಿಂಹಾಸನವನ್ನು ಏರುವ ಮೊದಲು ಚಿಕ್ಕದೇವರಾಜ ಒಡೆಯರು ಚಿಕ್ಕಪ್ಪನ ಆಳ್ವಿಕೆಯಲ್ಲಿ ಈ ಹಂಗಳದಲ್ಲಿಯೇ ನಿರ್ಬಂಧದಲ್ಲಿದ್ದರು. ಆ ದಿನಗಳಲ್ಲಿ ಅವರಿಗೆ ಆಪ್ತನಾದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. 1673ರಲ್ಲಿ ರಾಜ್ಯವು ಕೈಸೇರಿದಾಗ ಒಡೆಯರು ಹಂಗಳದ ಸ್ನೇಹವನ್ನು ಮರೆಯದೆ ಅವನನ್ನೇ ಪ್ರಧಾನ ಮಂತ್ರಿಯನ್ನಾಗಿ ಮಾಡಿಕೊಂಡರು. ಗುಂಡ್ಲುಪೇಟೆಯಲ್ಲಿ ತೀರಿಕೊಂಡ ತಂದೆಯ ನೆನಪಿಗೆ ಅವರು ಕಟ್ಟಿಸಿದ ಪರವಾಸುದೇವ ದೇವಾಲಯವು ಆ ಊರಿನೊಡನೆ ಅವರಿಗಿದ್ದ ನಂಟಿನ ಸಾಕ್ಷಿ. ಶ್ರೀವೈಷ್ಣವ ನಿಷ್ಠೆಯ ದೊರೆಯ ಬಲಗಡೆಯಲ್ಲಿ ಅಣುವ್ರತಗಳ ಪರಂಪರೆಯಿಂದ ಬಂದ ಜೈನನೊಬ್ಬನು ಹದಿಮೂರು ವರ್ಷ ಅಧಿಕಾರದಲ್ಲಿದ್ದನು.

ಚಿಕ್ಕದೇವರಾಜರು ದಕ್ಷ ಆಡಳಿತಗಾರರು. 1687ರಲ್ಲಿ, ಎಂದರೆ ಜಪಾನಿನಲ್ಲಿ ಕರುಣೆಯ ಆಜ್ಞೆಗಳು ಹೊರಟ ವರ್ಷದಲ್ಲಿಯೇ, ಮೂರು ಲಕ್ಷ ರೂಪಾಯಿಗಳಿಗೆ ಬೆಂಗಳೂರನ್ನು ಮೊಗಲರಿಂದ ಪಡೆದವರು. ತುಂಬಿದ ಬೊಕ್ಕಸದಿಂದಾಗಿ ನವಕೋಟಿ ನಾರಾಯಣನೆಂಬ ಹೆಸರು ಗಳಿಸಿದವರು. ಆ ಬೊಕ್ಕಸವು ತುಂಬಿದ ಬಗೆಯನ್ನು ಕರ್ನಲ್ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾಗತೊಡಗಿದ ತನ್ನ ಇತಿಹಾಸದಲ್ಲಿ ವಿವರಿಸಿದ್ದಾನೆ. ಬೆಳೆಯ ಆರನೆಯ ಒಂದು ಪಾಲು ರಾಜನಿಗೆ ಸಲ್ಲಬೇಕೆಂಬ ಶಾಸ್ತ್ರವಚನವನ್ನು ಮೀರದೆಯೇ, ಹತ್ತಾರು ಸಣ್ಣ ಸಣ್ಣ ಬಾಬುಗಳ ಹೆಸರಿನಲ್ಲಿ ರೈತನ ಮೇಲೆ ಹೊಸ ತೆರಿಗೆಗಳು ಬಂದವು. ಮಾತಿನಲ್ಲಿ ಧರ್ಮ ಉಳಿಯಿತು. ಹೊರೆ ಮಾತ್ರ ಹೆಚ್ಚಿತು. ರೈತರು ನೇಗಿಲುಗಳನ್ನು ತಲೆಕೆಳಗಾಗಿ ಊರಬಾಗಿಲಿನ ಮರಗಳಿಗೆ ತೂಗುಹಾಕಿ ಉಳುಮೆಯನ್ನು ನಿಲ್ಲಿಸಿದರು. ಅವರ ಪರವಾಗಿ ನಿಂತವರು ಜಂಗಮರು. ಅವರನ್ನು ನಂಜನಗೂಡಿಗೆ ಕರೆಸಿ, 400ಕ್ಕೂ ಹೆಚ್ಚು ಮಂದಿಯನ್ನು ಮೋಸದಿಂದ ಕೊಲ್ಲಿಸಲಾಯಿತೆಂದೂ ಅನೇಕ ಮಠಗಳನ್ನು ನೆಲಸಮಗೊಳಿಸಲಾಯಿತೆಂದೂ ವಿಲ್ಕ್ಸ್ ಬರೆಯುತ್ತಾನೆ. ಆ ಕೃತ್ಯಕ್ಕೆ ವಿಶಾಲಾಕ್ಷ ಪಂಡಿತನ ಸಲಹೆಯೇ ಕಾರಣವೆಂದು ಜನರು ನಂಬಿದರು. 1686ರಲ್ಲಿ ಅವನ ಕೊಲೆಯಾಯಿತು. ಸಾಯುವ ಮುನ್ನ ಅವನು ತನ್ನ ಸ್ಥಾನಕ್ಕೆ ತಿರುಮಲಾರ್ಯನೇ ಯೋಗ್ಯನೆಂದು ಸೂಚಿಸಿದನೆಂದೂ ಒಡೆಯರು ಆ ಮಾತನ್ನು ನಡೆಸಿದರೆಂದೂ ಹೇಳಿಕೆಯಿದೆ.

ಈ ವೃತ್ತಾಂತದ ಎಲ್ಲ ವಿವರಗಳನ್ನೂ ಇತಿಹಾಸಕಾರರೆಲ್ಲರೂ ಒಪ್ಪಿಲ್ಲ. ಪಂಡಿತನು ಆ ಸಲಹೆಯನ್ನು ಕೊಟ್ಟನೆಂಬುದಕ್ಕೆ ಸಮಕಾಲೀನ ಸಾಕ್ಷ್ಯವನ್ನು ಕೇಳುವುದು ನ್ಯಾಯವೇ ಆಗಿದೆ. ಆದರೆ ಜೈನರು ಅಷ್ಟಕ್ಕೇ ನಿಂತು ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಏಕೆಂದರೆ ಅವರ ಶಾಸ್ತ್ರವು ನ್ಯಾಯಾಲಯಕ್ಕಿಂತ ಸೂಕ್ಷ್ಮವಾದುದು. ನ್ಯಾಯಾಲಯವು ಮಾಡಿದವನನ್ನು, ಮಾಡಿಸಿದವನನ್ನು ಹುಡುಕುತ್ತದೆ. ಶಾಸ್ತ್ರವು ಕೃತ, ಕಾರಿತ, ಅನುಮೋದಿತವೆಂದು ಮೂರನ್ನು ಹೇಳಿ, ಪ್ರತಿಯೊಂದನ್ನೂ ಮನ, ವಚನ, ಕಾಯಗಳಿಂದ ಗುಣಿಸಿ ಒಂಬತ್ತು ಕೋಟಿಗಳನ್ನಾಗಿಸುತ್ತದೆ. ಸುಮ್ಮನೆ ತಲೆದೂಗಿದ ಮನಸ್ಸಿಗೂ ಅಲ್ಲಿ ಲೆಕ್ಕವಿದೆ. ದೊರೆಗೆ ಒಂಬತ್ತು ಕೋಟಿ ಹೊನ್ನು ಕೂಡಿದಾಗ, ಮಂತ್ರಿಯು ತನ್ನ ಧರ್ಮದ ಈ ಒಂಬತ್ತು ಕೋಟಿಗಳನ್ನು ಎಣಿಸಿಕೊಂಡನೇ ಎಂಬುದೇ ನಿಜವಾದ ಪ್ರಶ್ನೆ. ಕೊಲೆಯ ಸಲಹೆಯನ್ನು ಅವನು ಕೊಡದೆ ಇದ್ದರೂ, ತೆರಿಗೆಗಳು ಹೆಚ್ಚುತ್ತಿದ್ದಾಗ ಅವನು ಪ್ರಧಾನನಾಗಿಯೇ ಇದ್ದನು. ಅತಿಭಾರಾರೋಪಣವು ಎತ್ತಿನ ಬೆನ್ನಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂದು, ಆ ಎತ್ತನ್ನು ಹೂಡುವ ರೈತನಿಗೂ ಅದು ಅನ್ವಯಿಸುತ್ತದೆಂದು, ಮರಕ್ಕೆ ನೇತುಬಿದ್ದ ನೇಗಿಲುಗಳು ಸಾರಿ ಹೇಳುತ್ತಿದ್ದವು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಗೃಹಸ್ಥನಿಗೆ ಆಚಾರ್ಯರು ಪೂರ್ಣ ಅಹಿಂಸೆಯನ್ನು ವಿಧಿಸಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಬೇಕೆಂದು ಮಾಡುವ ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳನ್ನು ಆದಷ್ಟು ತಗ್ಗಿಸಬೇಕೆಂದೂ ಹೇಳುತ್ತಾರೆ. ರಾಜ್ಯವೆಂದ ಮೇಲೆ ಸೈನ್ಯ ಬೇಕು, ತೆರಿಗೆ ಬೇಕು, ದಂಡ ಬೇಕು. ಇವಾವುವೂ ಬೇಡವೆನ್ನುವವನು ಮುನಿಯಾಗಲಿ, ಮಂತ್ರಿಯಾಗುವುದೇಕೆ? ಆಕ್ಷೇಪಣೆ ಸರಿಯಾದುದೇ. ಆದರೆ ಅದಕ್ಕೆ ಉತ್ತರವು 'ಅತಿಭಾರ' ಎಂಬ ಪದದಲ್ಲಿಯೇ ಇದೆ. ಆಚಾರ್ಯರು ಭಾರವನ್ನು ನಿಷೇಧಿಸಲಿಲ್ಲ, ಅತಿಭಾರವನ್ನು ನಿಷೇಧಿಸಿದರು. ಎಲ್ಲಿಯವರೆಗೆ ಭಾರ, ಎಲ್ಲಿಂದ ಅತಿಭಾರ ಎಂಬುದನ್ನು ಹೇರುವವನು ನಿರ್ಣಯಿಸಿದರೆ ಆ ಗೆರೆ ಎಂದೂ ಸಿಕ್ಕುವುದಿಲ್ಲ. ಹೊರುವವನ ಕಾಲುಗಳನ್ನು ನೋಡಿದರೆ ತಕ್ಷಣ ಸಿಕ್ಕುತ್ತದೆ. ಎದೋ ನಗರದಲ್ಲಾಗಲಿ ಮೈಸೂರಿನಲ್ಲಾಗಲಿ ಹೇರಿದವರು ಹೊರುವವರ ಕಾಲುಗಳನ್ನು ನೋಡಲಿಲ್ಲ. ಒಬ್ಬರ ಧ್ಯೇಯ ಕರುಣೆ, ಇನ್ನೊಬ್ಬರದು ಬೊಕ್ಕಸ. ಧ್ಯೇಯಗಳಲ್ಲಿ ಅಜಗಜಾಂತರ, ಹೇರಿದ ರೀತಿ ಮಾತ್ರ ಒಂದೇ.

ಅಧಿಕಾರದಲ್ಲಿದ್ದ ಜೈನನು ಬೇರೆ ರೀತಿಯಲ್ಲಿಯೂ ನಡೆಯಬಹುದೆಂಬುದಕ್ಕೆ ಚಾಮರಾಜನಗರದಲ್ಲಿಯೇ ಸಾಕ್ಷ್ಯವಿದೆ. ಅರಿಕುಠಾರವೆಂಬ ಹಳೆಯ ಹೆಸರಿನ ಈ ಊರಿನಲ್ಲಿ 1117ರಲ್ಲಿ ಬಸದಿಯನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ. ಅದೇ ಇಂದಿನ ಪಾರ್ಶ್ವನಾಥ ಬಸದಿ. ಅಲ್ಲಿಯ ಶಾಸನವು ಅವನ ಯುದ್ಧಗಳನ್ನು ಮರೆಮಾಚುವುದಿಲ್ಲ. ತೊದವರನ್ನು ಬೆದರಿಸಿದ್ದನ್ನು, ಕೊಂಗರನ್ನು ಅಟ್ಟಿದ್ದನ್ನು, ನೀಲಗಿರಿಯನ್ನು ಹೊಕ್ಕಿದ್ದನ್ನು ಹೆಮ್ಮೆಯಿಂದಲೇ ಹೇಳುತ್ತದೆ. ಅಷ್ಟು ಹೇಳಿ ನಿಲ್ಲದೆ, ಕೆಟ್ಟುಹೋದ ವರ್ತಕನಿಗೆ, ಬಿತ್ತಲು ಬೀಜವಿಲ್ಲದ ರೈತನಿಗೆ, ಒಡೆತನವನ್ನು ಕಳೆದುಕೊಂಡ ಕಿರಾತನಿಗೆ ಅವರವರು ಕಳೆದುಕೊಂಡದ್ದನ್ನು ಅವನು ಒದಗಿಸಿ ಪೋಷಿಸಿದನೆಂದೂ ಹೇಳುತ್ತದೆ. ಶಾಸನದಲ್ಲಿ ಹೊಗಳಿಕೆ ಸೇರಿರುವುದು ಸಹಜ. ಆದರೂ ಯಾವುದನ್ನು ಹೊಗಳಲಾಗಿದೆಯೆಂಬುದು ಗಮನಾರ್ಹ. ಯುದ್ಧದಿಂದ ಯಾರ ಮೇಲೆ ಭಾರ ಬಿದ್ದಿತೆಂದು ಅಲ್ಲಿ ಎಣಿಸಲಾಗಿದೆ; ಆ ಭಾರವನ್ನು ಇಳಿಸುವುದು ಗೆದ್ದವನ ಕರ್ತವ್ಯವೆಂದು ಒಪ್ಪಲಾಗಿದೆ. ಪುಣಿಸನು ಅಹಿಂಸೆಯನ್ನು ಆಜ್ಞಾಪಿಸಲಿಲ್ಲ, ಬೀಜವನ್ನು ಕೊಟ್ಟನು. ವಿರೋಧೀ ಹಿಂಸೆಯ ಪಾಪವು ಅದರಿಂದ ತೊಳೆದುಹೋಗಲಿಲ್ಲ; ಆದರೆ ಅವನ ಕಣ್ಣು ಹೊರುವವನ ಕಡೆಗೆ ತಿರುಗಿತ್ತು.

ಈ ವಿಚಾರವು ಹಳೆಯ ರಾಜರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಹಂಗಳದ ಆಚೆಗೆ ಬಂಡೀಪುರದ ಕಾಡು. 1973ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ವಾಹನಗಳಿಗೆ ಸಿಕ್ಕಿ ವನ್ಯಮೃಗಗಳು ಸಾಯುವುದನ್ನು ತಪ್ಪಿಸಲು 2009ರಲ್ಲಿ ಆ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿಯ ಸಂಚಾರವನ್ನು ನಿಷೇಧಿಸಲಾಯಿತು. ಇದೂ ಆಜ್ಞೆಯಿಂದ ಬಂದ ದಯೆಯೇ, ಒಳ್ಳೆಯ ದಯೆ. ಪ್ರಯಾಣಿಕನಿಗೆ ಕೆಲವು ಗಂಟೆಗಳ ಕಾಯುವಿಕೆ, ಮೃಗಕ್ಕೆ ಪ್ರಾಣ. ಆ ಭಾರವನ್ನು ಹೆಚ್ಚಿನವರು ಹೊರಬಲ್ಲರು. ಆದರೆ ಕಾಡಂಚಿನ ಸಣ್ಣ ಹಿಡುವಳಿದಾರನ ಮಾತು ಬೇರೆ. ಆನೆ ಬಂದ ಒಂದು ರಾತ್ರಿಯಲ್ಲಿ ಅವನ ಇಡೀ ವರ್ಷದ ಬೆಳೆ ಹೋಗಬಹುದು. ಆನೆ ಉಳಿಯಬೇಕೆಂದು ಬಯಸುವವರು ನಗರಗಳಲ್ಲಿದ್ದಾರೆ, ಆ ಬಯಕೆಯ ಬೆಲೆಯನ್ನು ಕೊಡುವವನು ಹೊಲದಲ್ಲಿದ್ದಾನೆ. ಅವನಿಗೆ ಸಲ್ಲುವ ಪರಿಹಾರವನ್ನು ಆನೆಯ ರಕ್ಷಣೆಯ ಭಾಗವೆಂದೇ ತಿಳಿಯುವವನಿಗೆ ಮಾತ್ರ ಪೂರ್ಣವಾದ ಜೀವದಯೆ ತಿಳಿದಂತೆ.

ಮಹಾವೀರ ಜಯಂತಿಯ ದಿನ ಹಲವು ನಗರಗಳಲ್ಲಿ ವಧಾಲಯಗಳನ್ನು ಮುಚ್ಚಿಸುವ ಆಜ್ಞೆ ಹೊರಡುತ್ತದೆ. ಆ ಒಂದು ದಿನ ಉಳಿದ ಪ್ರಾಣಗಳ ಬಗ್ಗೆ ಶ್ರಾವಕರು ಸಂತೋಷಪಡುವುದು ಸಹಜ, ಯುಕ್ತವೂ ಹೌದು. ಆದರೆ ಆ ದಿನದ ಕೂಲಿಯನ್ನೇ ನಂಬಿದವನ ಮನೆಯ ಒಲೆಯನ್ನು ಯಾರೂ ಎಣಿಸಲಿಲ್ಲವಾದರೆ, ಹಬ್ಬದ ದಯೆಯು ಅವನ ಹೆಗಲಿನ ಮೇಲೆ ನಡೆದಂತಾಗುತ್ತದೆ. ಆಹಾರವಾರಣವು ಐದನೆಯ ಅತಿಚಾರವೆಂಬುದನ್ನು ಮರೆಯಬಾರದು. ಅವನ ವೃತ್ತಿಯನ್ನು ಒಪ್ಪಬೇಕಾಗಿಲ್ಲ. ಅವನ ಹಸಿವನ್ನು ಒಪ್ಪಿದರೆ ಸಾಕು. ಆ ದಿನದ ಅವನ ನಷ್ಟವನ್ನು ಬಸದಿಯ ಟ್ರಸ್ಟು ಭರಿಸಿದರೆ, ಆಜ್ಞೆಯು ಅವನ ಕೈಯನ್ನು ಮಾತ್ರ ತಡೆದೀತು, ಭರಿಸಿದ ಹಣವು ಅವನ ಮನಸ್ಸನ್ನು ತಲುಪೀತು. ಗೋಶಾಲೆಗೆ ದಾನ ಕೊಡುವ ಮನೆತನಗಳೂ ಹೀಗೆಯೇ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬಹುದು. ಮುದಿಯಾದ ಎತ್ತನ್ನು ಮಾರಬೇಡವೆಂದು ರೈತನಿಗೆ ಉಪದೇಶಿಸುವುದು ಸುಲಭ. ಅದು ಸಾಯುವವರೆಗಿನ ಹುಲ್ಲಿನ ಖರ್ಚು ಯಾರದು? ಅಂಗಡಿಯ ಆಳಿಗೆ ಸಲ್ಲುವ ಸಂಬಳ, ಬಸದಿಯ ಜೀರ್ಣೋದ್ಧಾರದಲ್ಲಿ ಕಲ್ಲು ಹೊರುವವನ ದಿನಗೂಲಿ, ಇವೂ ಈ ಲೆಕ್ಕದಿಂದ ಹೊರಗಿಲ್ಲ.

ಕಾನೂನು ಬೇಡವೆಂದು ಇದರ ಅರ್ಥವಲ್ಲ. ಕೊಲ್ಲಲು ಎತ್ತಿದ ಕೈಯನ್ನು ಹಿಡಿದು ನಿಲ್ಲಿಸಲು ರಾಜ್ಯಕ್ಕೆ ಅಧಿಕಾರವಿದೆ. ಆ ಅಧಿಕಾರವಿಲ್ಲದಿದ್ದರೆ ದುರ್ಬಲ ಜೀವಿಗೆ ರಕ್ಷಣೆಯೇ ಇರದು. ತ್ಸುನಯೋಶಿಯು ಬಿಟ್ಟುಹೋದ ಶಿಶುವನ್ನು ಕಾಪಾಡಿಸಿದ್ದು ಸರಿ, ರೋಗದ ಕುದುರೆಯನ್ನು ಕಾಪಾಡಿಸಿದ್ದೂ ಸರಿ. ಆದರೆ ಕಾನೂನು ಹಿಂಸೆಯನ್ನು ತಡೆಯಬಲ್ಲದೇ ಹೊರತು ದಯೆಯನ್ನು ಹುಟ್ಟಿಸಲಾರದು. ದಯೆಯು ಆತ್ಮದ ಪರಿಣಾಮ. ಅದು ಕಷಾಯಗಳು ಕ್ಷೀಣಿಸಿದಷ್ಟೂ ತಾನಾಗಿ ತೋರುವ ಗುಣ. ಪರರಿಗೆ ವಿಧಿಸಿದಾಗ ಅದರ ಹೆಸರು ದಂಡ. ತಾನೇ ಹೊತ್ತಾಗ ಅದರ ಹೆಸರು ವ್ರತ. ಅಣುವ್ರತವು ಅಣುವಾಗಿರುವುದು ಇದಕ್ಕಾಗಿಯೇ ಇರಬೇಕು: ಗೃಹಸ್ಥನು ತಾನು ಹೊರಬಲ್ಲಷ್ಟನ್ನೇ ಹೊರಲಿ, ಆದರೆ ತಾನೇ ಹೊರಲಿ ಎಂದು.